ಬಜ್ಜಿ ಕಾಗದದಲ್ಲಿ ಒಂದು ಖಾಲಿ ಮನೆ

ಬಜ್ಜಿಯನ್ನು ಹಸಿವಿಗಾಗಿ ತಿನ್ನುವವರಿದ್ದಾರೆ, ಬಾಯಿ ಚಪಲಕ್ಕೆ ತಿನ್ನುವವರಿದ್ದಾರೆ, ನಾಲ್ಕು ಹನಿ ಬಿತ್ತೆಂಬ ನೆಪಕ್ಕೆ ತಿನ್ನುವವರಂತೂ ಊರು ತುಂಬ ಇದ್ದಾರೆ. ಅದನ್ನು ಸುತ್ತಿಕೊಟ್ಟ ಕಾಗದಕ್ಕಾಗಿ ತಿನ್ನುವವರನ್ನು ನೀವು ಯಾರಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರಮಾವ. ಕರಿದದ್ದನ್ನು ಬಿಡಬೇಕೆಂದು ಡಾಕ್ಟರು ಹೇಳಿದಾಗ, ಬಜ್ಜಿಯನ್ನು ಬೇಕಾದರೆ ಬಿಡುತ್ತೇನೆ, ಕಾಗದವನ್ನು ಮಾತ್ರ ಬಿಡುವುದಿಲ್ಲ ಎಂದು ಖಂಡಿತವಾಗಿ ಹೇಳಿ ಎದ್ದು ಬಂದವರು. ಆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ತಲೆಯ ಡಾಕ್ಟರೊಬ್ಬರ ವಿಳಾಸ ಬರೆದುಕೊಟ್ಟರು!

ಮಾಮಾ ಹುಬ್ಬಳ್ಳಿಯವರು. ಮೀಸೆ ಸರಿಯಾಗಿ ದಪ್ಪವಾಗುವ ಮೊದಲೇ ರೈಲ್ವೆ ಗುಮಾಸ್ತರಾಗಿ ಮದ್ರಾಸಿಗೆ ಬಂದರು. ಊರು ಚೆನ್ನೈ ಆಗಿ ಎಷ್ಟೋ ವರ್ಷವಾದರೂ, "ನನ್ನ ಆರ್ಡರಿನ್ಯಾಗ ಮದ್ರಾಸ್ ಅಂತನ ಐತಿ" ಎಂದು ಇವತ್ತಿಗೂ ಮದ್ರಾಸು ಅನ್ನುತ್ತಾರೆ. ಈಗ ವೇಲಚೇರಿಯಲ್ಲಿ ಮಗನ ಫ್ಲ್ಯಾಟಿನ ನಾಲ್ಕನೇ ಮಹಡಿಯಲ್ಲಿದ್ದಾರೆ. ಸೊಸೆ ತಮಿಳಿನವಳು, ಬಂಗಾರದಂಥ ಹೆಂಗಸು, ಮಾವನನ್ನು ತನ್ನ ತಂದೆಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಎಲ್ಲವೂ ತಮಿಳಿನಲ್ಲಿ, ಅಷ್ಟೇ. ಮಗನಿಗೆ ಕನ್ನಡ ಬರುತ್ತದೆ, ಆದರೆ ಅವನು ಮನೆಗೆ ಬರುವುದೇ ಊಟದ ಹೊತ್ತಿಗೆ. ಮೊಮ್ಮಗಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಆಡುವುದಿಲ್ಲ. "ಪುಟ್ಟಿ, ಒಂದ್ ಗ್ಲಾಸ್ ನೀರ್ ತಾರವಾ" ಎಂದರೆ "ತೋ ವರೇನ್ ತಾತಾ" ಎಂದು ತಮಿಳಿನಲ್ಲೇ ಹೇಳುತ್ತ ತರುತ್ತಾಳೆ. "ನಮ್ಮ ಮನ್ಯಾಗ ಕನ್ನಡ ಒನ್‌ವೇ ರೋಡು ನೋಡವಾ, ಹೋಗತೈತಿ, ತಿರುಗಿ ಬರೂದಿಲ್ಲ" ಎಂದು ಮಾಮಾ ನಗುತ್ತಾರೆ.

ನಾನು ಇದೇ ಊರಲ್ಲಿ, ಅಡ್ಯಾರಿನ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದೇನೆ. ಅಡ್ಯಾರಿನಿಂದ ವೇಲಚೇರಿ ಎಷ್ಟು ದೂರ? ಬಸ್ಸು ಸಿಕ್ಕರೆ ಅರ್ಧ ಗಂಟೆ. ನಾನು ಹೋಗುತ್ತಿದ್ದದ್ದು ಎರಡು ತಿಂಗಳಿಗೊಮ್ಮೆ. ಹೋದಾಗಲೂ ಗಡಿಯಾರ ನೋಡುತ್ತ ಕೂರುತ್ತಿದ್ದೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಮಾಮಾನನ್ನು ನೋಡಿ ನೀವು ನಗುವಾಗ ನನ್ನನ್ನು ಬಹಳ ಒಳ್ಳೆಯವಳೆಂದು ತಿಳಿದುಕೊಂಡೀರಿ.

ಮಾಮಾನದೇ ಒಂದು ಸಿದ್ಧಾಂತವುಂಟು. ಊರಿನ ಗುಣ ತಿಳಿಯಬೇಕಾದರೆ ದೇವಸ್ಥಾನ ನೋಡಬಾರದು, ಕಸ ನೋಡಬೇಕು! ರೈಲ್ವೆ ಪಾಸಿನಲ್ಲಿ ಎಲ್ಲಿಗೇ ಹೋಗಲಿ, ಮಂದಿ ಅರಮನೆ ನೋಡುತ್ತಿದ್ದರೆ ಇವರು ಬೀದಿ ಕೊನೆಯ ತೊಟ್ಟಿ ನೋಡಿ ಬರುತ್ತಿದ್ದರು. ಹುಬ್ಬಳ್ಳಿಯಲ್ಲಿ ರದ್ದಿ ಒಯ್ಯುವವನು ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಮನೆಯವರ ಆರೋಗ್ಯವೆಲ್ಲ ಕೇಳಿ, ಆಮೇಲೆ ತೂಕದಲ್ಲಿ ಮೋಸ ಮಾಡುತ್ತಾನಂತೆ. ಮೈಸೂರಿನ ಗುಜರಿಯವನು ಮೋಸ ಮಾಡುವುದಿಲ್ಲ, ಆದರೆ ಚಹಾ ಕುಡಿಯಲಿಕ್ಕೂ ಒಪ್ಪುವುದಿಲ್ಲವಂತೆ. "ಅಂಥಾ ಊರಾಗ ಹೆಂಗ್ ಇರ್ತಾರವಾ ಮಂದಿ?" ಎಂದು ಮೈಸೂರಿನಲ್ಲಿರುವ ನನ್ನ ತಂಗಿಯ ಬಗ್ಗೆ ಮಾಮಾಗೆ ಬಹಳ ಕನಿಕರ.

ಮದ್ರಾಸಿಗೆ ಬಂದ ಹೊಸತರಲ್ಲಿ ಅವರನ್ನು ಬೆರಗುಗೊಳಿಸಿದ್ದು ಸಮುದ್ರವಲ್ಲ, ಹಾಲಿನ ಕವರು. ಇಲ್ಲಿಯ ಹೆಂಗಸರು ಖಾಲಿ ಕವರನ್ನು ತೊಳೆದು, ಒಣಗಿಸಿ, ಕಟ್ಟು ಕಟ್ಟಿ, ಹಳೆ ಪೇಪರ್ ಅಂಗಡಿಗೆ ಹಾಕುತ್ತಿದ್ದರು. ನಮ್ಮ ಅತ್ತೆ, ಅಂದರೆ ಮಾಮಾನ ಹೆಂಡತಿ, ಒಂದೇ ವಾರದಲ್ಲಿ ಕಲಿತುಬಿಟ್ಟರು. ಬಾಲ್ಕನಿಯ ಹಗ್ಗದ ಮೇಲೆ ಸಾಲಾಗಿ ಕವರು, ಪ್ರತಿಯೊಂದಕ್ಕೂ ಕ್ಲಿಪ್ಪು. ಹುಬ್ಬಳ್ಳಿಯಿಂದ ಬಂದ ನಮ್ಮಜ್ಜಿ ಅದನ್ನು ನೋಡಿ ಗಾಬರಿಯಾಗಿ, "ಏನ ಮಗನ, ಈ ಊರಾಗ ಧೋತರಾನೂ ಪ್ಲಾಸ್ಟಿಕ್ಕಿಂದ ಉಡ್ತಾರೇನು?" ಎಂದು ಕೇಳಿದ್ದರಂತೆ.

ಕಲಿತ ಮೇಲೆ ಸುಮ್ಮನಿರಬೇಕಲ್ಲ? ಒಮ್ಮೆ ನನ್ನ ಅಣ್ಣನ ಮಗನ ಮದುವೆಗೆ ಹುಬ್ಬಳ್ಳಿಗೆ ಹೋದಾಗ, ಅಡಿಗೆಯವರು ನೂರಾರು ಹಾಲಿನ ಕವರನ್ನು ಹಿಂದಿನ ಗಟಾರದ ಕಡೆ ಎಸೆಯುವುದನ್ನು ಮಾಮಾ ಕಂಡರು. ಹೊಟ್ಟೆ ಉರಿಯಿತು. ಅಕ್ಷತೆ ಹಾಕಬೇಕಾದ ಮನುಷ್ಯ ನಳದ ಕೆಳಗೆ ಕೂತು ಅಷ್ಟನ್ನೂ ತೊಳೆದು, ಅರೆಬರೆ ಒಣಗಿಸಿ, ಬೀಗರು ಕೊಟ್ಟ ಚೀಲದಲ್ಲಿ ತುಂಬಿಕೊಂಡು ರೈಲು ಹತ್ತಿದರು. ಬೇಸಿಗೆ ಕಾಲ! ಮಾರನೆಯ ದಿನ ಸೆಂಟ್ರಲ್ ಸ್ಟೇಷನ್ನಿನಲ್ಲಿ ಪೊಲೀಸನೊಬ್ಬ ಮೂಗು ಮುಚ್ಚಿಕೊಂಡು ಚೀಲ ಬಿಚ್ಚಿಸಿದ.

"ಎನ್ನ ಸಾರ್ ಇದು?"

"ಕಸ," ಎಂದರು ಮಾಮಾ ತಮಿಳಿನಲ್ಲಿ.

ಕಸವನ್ನು ಯಾರಾದರೂ ಅಷ್ಟು ದೂರದಿಂದ ಹೊತ್ತು ತರುತ್ತಾರೆಯೇ ಎಂದು ಅವನು ಕೇಳಿದ. ಅಲ್ಲಿ ಇದಕ್ಕೆ ಮರ್ಯಾದೆಯಿಲ್ಲ, ನಿಮ್ಮ ಊರಲ್ಲಿದೆ, ಅದಕ್ಕೇ ತಂದೆ ಎಂದು ಮಾಮಾ ಹೇಳಿದರು. ತನ್ನ ಊರನ್ನು ಹೀಗೆ ಹೊಗಳಿದವರನ್ನು ಅವನು ಅದುವರೆಗೆ ಕಂಡಿರಲಿಲ್ಲವೆಂದು ಕಾಣುತ್ತದೆ. ಸೆಲ್ಯೂಟ್ ಹೊಡೆದು ಬಿಟ್ಟ.

ವೇಲಚೇರಿಯ ವಿಷಯ ನಿಮಗೆ ಗೊತ್ತಿರಬಹುದು. ಬೇರೆ ಕಡೆ ಕಸವನ್ನು ನಾವು ಹೊರಗೆ ಹಾಕಿದರೆ, ಇಲ್ಲಿ ಮಳೆಗಾಲದಲ್ಲಿ ಅದು ತಾನಾಗಿ ಒಳಗೆ ಬರುತ್ತದೆ. ಒಂದು ವರ್ಷ ನೀರು ಏರಿದಾಗ ಯಾವುದೋ ಬೀದಿಯ ದೊಡ್ಡ ಕಸದ ತೊಟ್ಟಿಯೊಂದು ತೇಲಿಕೊಂಡು ಬಂದು ಇವರ ಗೇಟಿಗೆ ಹಾಯತೊಡಗಿತು. ಮಾಮಾ ಅದನ್ನು ಹಾದಿ ತಪ್ಪಿದ ಎಮ್ಮೆಯಂತೆ ಹಗ್ಗ ಹಾಕಿ ಕಂಬಕ್ಕೆ ಕಟ್ಟಿದರು. ನೀರಿಳಿದ ಮೇಲೆ ಇದು ಯಾರದೆಂದು ಕೇಳುತ್ತ ನಾಲ್ಕು ಬೀದಿ ಅಲೆದರು. ಯಾರೂ ನಮ್ಮದೆನ್ನಲಿಲ್ಲ. ಅದು ಈಗಲೂ ಅಲ್ಲೇ ಇದೆ, ಮಾಮಾ ಅದರಲ್ಲಿ ಕರಿಬೇವು ಬೆಳೆಸಿದ್ದಾರೆ.

ಫ್ಲ್ಯಾಟಿನ ಸಂಘದವರು ಹಸಿ ಕಸಕ್ಕೆ ಹಸಿರು ಬಕೆಟ್ಟು, ಒಣ ಕಸಕ್ಕೆ ನೀಲಿ ಬಕೆಟ್ಟು ಎಂದು ಇಂಗ್ಲಿಷಿನಲ್ಲೂ ತಮಿಳಿನಲ್ಲೂ ನೋಟೀಸು ಅಂಟಿಸಿದರು. ಮಾರನೆಯ ಬೆಳಿಗ್ಗೆ ಅದರ ಕೆಳಗೆ ದುಂಡನೆಯ ಅಕ್ಷರದಲ್ಲಿ ಕನ್ನಡವೂ ಇತ್ತು! ಸಂಘದ ಕಾರ್ಯದರ್ಶಿ ಮೇಲೆ ಬಂದು, ಸಾರ್, ಈ ಕಟ್ಟಡದಲ್ಲಿ ಇದನ್ನು ಓದಬಲ್ಲವರು ಯಾರು ಎಂದು ವಿಚಾರಿಸಿದ. ನಾನು ಎಂದರು ಮಾಮಾ. ಬರೆದವರು ಯಾರು? ಅದೂ ನಾನೇ. ಹಾಗಾದರೆ ಯಾಕೆ ಬರೆದಿರಿ?

"ನಾಳೆ ಯಾರಾದರೂ ಬಾಡಿಗೆಗೆ ಬಂದರೆ?" ಎಂದರಂತೆ ಮಾಮಾ.

ಕಾರ್ಯದರ್ಶಿ ಪಾಪ, ಒಳ್ಳೆಯವನು. ಆ ಕಾಗದವನ್ನು ಈವರೆಗೆ ಹರಿದಿಲ್ಲ. ಬಾಡಿಗೆಗೂ ಈವರೆಗೆ ಯಾರೂ ಬಂದಿಲ್ಲ.

ಇನ್ನು ಬಜ್ಜಿಯ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಅತ್ತೆಯ ವಿಷಯ ಹೇಳಬೇಕು.

ಬೆಂಗಳೂರಿನಿಂದ ರೈಲಿನಲ್ಲಿ ಬರುವ ಕನ್ನಡ ಪೇಪರು ಮಧ್ಯಾಹ್ನದ ಹೊತ್ತಿಗೆ ಸೆಂಟ್ರಲ್ ಹತ್ತಿರದ ಒಂದು ಅಂಗಡಿಗೆ ಮುಟ್ಟುತ್ತದೆ. ಮಾಮಾ ವೇಲಚೇರಿಯಿಂದ ರೈಲು ಹತ್ತಿ ಹೋಗಿ ಅದನ್ನು ತರುತ್ತಾರೆ. ಸುದ್ದಿ ಅವರಿಗೆ ಬೇಕಾಗಿಯೇ ಇಲ್ಲ, ಪದಬಂಧ ಬೇಕು. ಅತ್ತೆ ಇದ್ದಾಗ ಸಂಜೆ ಇಬ್ಬರೂ ಸೇರಿ ಅದನ್ನು ತುಂಬುತ್ತಿದ್ದರು. ಸೇರಿ ಎಂದರೆ, ಮಾಮಾ ಪಡಸಾಲೆಯಲ್ಲಿ ಕೂತು ಸುಳುಹು ಕೂಗಿ ಹೇಳುವುದು, ಅತ್ತೆ ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಉತ್ತರ ಕೂಗುವುದು. ಎಲ್ಲ ತುಂಬಿದ ಮೇಲೆ ಮಾಮಾ ಒಂದು ಮನೆ ಮಾತ್ರ ಖಾಲಿ ಬಿಡುತ್ತಿದ್ದರು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ನಿಂತುಕೊಂಡೇ ಅವರ ಪೆನ್ನು ಕಿತ್ತುಕೊಂಡು ಆ ಅಕ್ಷರ ಬರೆದು, "ಇಷ್ಟೂ ಬರೂದಿಲ್ಲೇನ್ರಿ ನಿಮಗ?" ಎಂದು ಹೋಗುತ್ತಿದ್ದರು. ಮದುವೆಯಾದ ಹೊಸತರಿಂದ ಕೊನೆಯವರೆಗೂ ಆ ಮನುಷ್ಯನಿಗೆ ದಿನಕ್ಕೊಂದು ಅಕ್ಷರ ಬಂದಿರಲಿಲ್ಲ!

ಅತ್ತೆ ತೀರಿಕೊಂಡರು. ಕೆಲವು ತಿಂಗಳು ಮಾಮಾ ಪೇಪರು ತರಲಿಲ್ಲ. ಆಮೇಲೆ ತರತೊಡಗಿದರು, ತುಂಬತೊಡಗಿದರು, ಆದರೆ ಒಂದು ಮನೆ ಖಾಲಿಯೇ ಇರುತ್ತಿತ್ತು. ಒಂದೆರಡು ಸಲ ನನಗೆ ಫೋನು ಮಾಡಿ, "ನೋಡವಾ, ಮೂರು ಅಕ್ಷರದ್ದು ಒಂದು ಐತಿ" ಎಂದು ಶುರು ಮಾಡಿದರು. ನಾನು, "ಮಾಮಾ, ಕೌಂಟರಿನ್ಯಾಗ ಮಂದಿ ನಿಂತಾರ್ರಿ, ಆಮ್ಯಾಲೆ ಮಾಡ್ತೀನಿ" ಎಂದು ಇಟ್ಟೆ. ಆಮೇಲೆ ಮಾಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ನನ್ನನ್ನು ನಂಬಿ ಕೂತರೆ ಆಗದೆಂದು ತಿಳಿದ ಮೇಲೆ ಅವರು ಚೆನ್ನೈನ ಕಸವನ್ನು ನಂಬಿದರು. ಯೋಜನೆ ಹೀಗೆ. ವಾರದ ಪೇಪರನ್ನೆಲ್ಲ, ಒಂದೊಂದು ಮನೆ ಖಾಲಿಯಿದ್ದ ಪದಬಂಧದ ಸಮೇತ, ಬೀದಿ ಕೊನೆಯ ಹಳೆ ಪೇಪರ್ ಅಂಗಡಿಗೆ ಹಾಕುವುದು. ಆ ಅಂಗಡಿಯಿಂದ ಸ್ಟೇಷನ್ ಹತ್ತಿರದ ಬಜ್ಜಿ ಗಾಡಿಯ ಹೆಂಗಸು ಕಿಲೋಗಟ್ಟಲೆ ಕಾಗದ ಒಯ್ಯುತ್ತಾಳೆ. ಬಜ್ಜಿ ಗಾಡಿಗೆ ದಿನಕ್ಕೆ ನೂರಾರು ಮಂದಿ ಬರುತ್ತಾರೆ. "ಈ ಊರಾಗ ಕನ್ನಡ ಮಂದಿ ಎಲ್ಲೆಲ್ಲಿ ಅದಾರೋ ಯಾರಿಗೂ ಗೊತ್ತಿಲ್ಲವಾ, ಆದ್ರ ಬಜ್ಜಿ ತಿನ್ನಾಕ ಬಂದೇ ಬರ್ತಾರ" ಎಂದು ನನಗೆ ವಿವರಿಸಿದರು. ಅಂಥ ಒಬ್ಬರ ಕೈಗೆ ಈ ಕಾಗದ ಸಿಗುತ್ತದೆ. ಖಾಲಿ ಮನೆ ಕಾಣುತ್ತದೆ. ಕನ್ನಡ ಬಲ್ಲವರಿಗೆ ಖಾಲಿ ಮನೆ ಕಂಡರೆ ಕೈ ಸುಮ್ಮನಿರುತ್ತದೆಯೇ? ತುಂಬುತ್ತಾರೆ. ತುಂಬಿದ ಕಾಗದವನ್ನು ಗಾಡಿಯ ಪಕ್ಕದ ಬುಟ್ಟಿಗೆ ಎಸೆಯುತ್ತಾರೆ. ಮಾಮಾ ಸಂಜೆ ಹೋಗಿ ಆ ಬುಟ್ಟಿ ನೋಡುತ್ತಾರೆ. ತುಂಬಿದವರು ಯಾರೆಂದು ಬಜ್ಜಿಯವಳನ್ನು ಕೇಳುತ್ತಾರೆ. ಅವರನ್ನು ಮನೆಗೆ ಚಹಾಕ್ಕೆ ಕರೆಯುತ್ತಾರೆ.

"ಮಾಮಾ, ಇಷ್ಟು ಸುತ್ತ್ಯಾಕ್ರಿ? ಫೋನಿನ್ಯಾಗ ಕನ್ನಡದವ್ರ ಗುಂಪು ಎಷ್ಟೋ ಅದಾವು, ಸೇರಿಸ್ಲೇನು?" ಎಂದೆ.

"ಅದರಾಗ ಬರೇ ಗುಡ್ ಮಾರ್ನಿಂಗ್ ಹೂವು ಬರ್ತಾವವಾ. ಹೂವಿಗೆ ಏನಂತ ಮಾತಾಡ್ಲಿ?"

ಅವತ್ತಿನಿಂದ ಶುರುವಾಯಿತು. ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು ಹಾಕಿಕೊಂಡು, ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡು, ಒಬ್ಬ ಹಿರಿಯರು ದಿನಾ ಸಂಜೆ ಬಂದು ಒಂದು ಬಾಳೆಕಾಯಿ ಬಜ್ಜಿ ತೆಗೆದುಕೊಂಡು, ಬಜ್ಜಿಯ ಕಡೆ ನೋಡದೆ ಕಾಗದವನ್ನು ಹಿಂದೆ ಮುಂದೆ ತಿರುವಿ ಪರೀಕ್ಷಿಸಿದರೆ ಗಾಡಿಯವಳು ಏನೆಂದು ತಿಳಿದಾಳು? ಅಚ್ಚಾದ ಪೇಪರಿನಲ್ಲಿ ತಿಂಡಿ ಸುತ್ತಬಾರದೆಂಬ ಮಾತು ಅವಳ ಕಿವಿಗೂ ಬಿದ್ದಿತ್ತು. ಇವರು ಅದನ್ನೇ ಹಿಡಿಯಲು ಬಂದ ಅಧಿಕಾರಿ ಎಂದುಕೊಂಡಳು. ನಾಲ್ಕನೆಯ ದಿನ ಮಾಮಾ ಬಂದ ಕೂಡಲೇ ಎರಡು ಬಜ್ಜಿಯನ್ನು ಬಾಳೆ ಎಲೆಯಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು, ದುಡ್ಡು ಬೇಡವೆಂದಳು. ಮಾಮಾನ ಮುಖ ನೋಡಬೇಕಿತ್ತು! "ಎಲೆ ಬೇಡಮ್ಮಾ, ಪೇಪರಿನಲ್ಲೇ ಕೊಡು" ಎಂದು ಅವಳನ್ನು ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತಂತೆ.

ಬುಟ್ಟಿ ನೋಡುವ ಕೆಲಸದಿಂದ ಬಂದ ಪಜೀತಿಯೇ ಬೇರೆ. ಕೆಳಗಿನ ಮಹಡಿಯ ಹೆಂಗಸೊಬ್ಬರು ಮಾಮಾ ಎಣ್ಣೆ ಕಾಗದದ ಬುಟ್ಟಿಯಲ್ಲಿ ಕೈಯಾಡಿಸುವುದನ್ನು ಬಸ್ಸಿನಿಂದ ಕಂಡರು. ಮನೆಯಲ್ಲಿ ಮುದುಕರಿಗೆ ಹೊಟ್ಟೆಗೆ ಹಾಕುವುದಿಲ್ಲವೆಂದು ಕಟ್ಟಡವೆಲ್ಲ ಸುದ್ದಿಯಾಯಿತು. ಒಂದು ವಾರ ನಾಲ್ಕೂ ಮಹಡಿಯಿಂದ ಡಬ್ಬಿ ಡಬ್ಬಿ ಸಾಂಬಾರು ಅನ್ನ ಬಂದವು. ಸೊಸೆ ಅತ್ತಳು. ಮಗ, "ಅಪ್ಪಾ, ಪ್ಲೀಸ್ ಪಾ" ಎಂದು ಕೈ ಮುಗಿದ. ಮಾಮಾ ಎಲ್ಲರ ಸಾಂಬಾರನ್ನೂ ರುಚಿ ನೋಡಿ, ಎರಡನೆಯ ಮಹಡಿಯದು ಚಲೋ ಐತಿ ಎಂದು ತೀರ್ಪು ಕೊಟ್ಟು, ಸಂಜೆಗೆ ಶರ್ಟು ಹಾಕಿಕೊಂಡು ಹೊರಟರು.

ಆ ಬುಟ್ಟಿಯಲ್ಲಿ ಅವರಿಗೆ ಏನು ಸಿಗಲಿಲ್ಲ? ತಮಿಳು ಪೇಪರು, ಇಂಗ್ಲಿಷು ಪೇಪರು, ಯಾವುದೋ ಶಾಲೆಯ ಗಣಿತದ ಉತ್ತರ ಪತ್ರಿಕೆ, ಒಂದು ಲಗ್ನ ಪತ್ರಿಕೆ, ಪ್ಯಾರೀಸ್ ಕಾರ್ನರಿನ ಸಗಟು ಅಂಗಡಿಗಳ ಬಿಲ್ಲು. ಗಣಿತದಲ್ಲಿ ಫೇಲಾದವನ ಹಾಳೆಯಲ್ಲಿ ಮಾಸ್ತರರು ಕೂಡಿದ್ದೇ ತಪ್ಪೆಂದು ಕಂಡುಹಿಡಿದು ಎರಡು ದಿನ ಬೇಜಾರು ಮಾಡಿಕೊಂಡರು. ಆದರೆ ಕನ್ನಡ? ಒಂದು ದಿನವೂ ಒಂದು ಚೂರೂ ಸಿಗಲಿಲ್ಲ. ಒಂದಲ್ಲ ಎರಡಲ್ಲ, ಮೂರು ವರ್ಷ. ಬೇರೆಯವರಾಗಿದ್ದರೆ ಕೈ ಬಿಡುತ್ತಿದ್ದರು. ಮಾಮಾ ಬಿಡಲಿಲ್ಲ.

"ಯಾಕ್ ಸಿಗೂದಿಲ್ಲ ಗೊತ್ತೇನು?" ಎಂದರು ಒಮ್ಮೆ. "ಕನ್ನಡ ಕಂಡ ಮ್ಯಾಲೆ ಅವ್ರಿಗೆ ಎಸಿಯಾಕ ಮನಸ್ ಬಂದಿಲ್ಲ. ಮನೀಗೆ ಒಯ್ದಾರ. ಅಲ್ಲೇ ಕುಂತು ತುಂಬಿರ್ತಾರ."

ನಾನು ನಕ್ಕೆ. ಬಸ್ಸಿನಲ್ಲಿ ಬರುವಾಗಲೂ ನಗುತ್ತಲೇ ಬಂದೆ. ಮನೆ ಮುಟ್ಟಿ ಕೈಕಾಲು ತೊಳೆಯುವಾಗ ಯಾಕೋ ಹುಬ್ಬಳ್ಳಿಯ ನಮ್ಮ ಮನೆಯ ಕಟ್ಟೆ, ಮಿರ್ಚಿ ಬಜಿಯ ವಾಸನೆ, ನಮ್ಮವ್ವ ಪೇಪರಿನ ಪೊಟ್ಟಣ ಬಿಚ್ಚಿ ಸಕ್ಕರೆ ಡಬ್ಬಿಗೆ ಸುರುವಿ ಆ ತುಂಡನ್ನು ನಿಂತಲ್ಲೇ ಓದುತ್ತಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ನನಗೂ ಈ ಊರಲ್ಲಿ ಯಾರ ಜೊತೆ ಕನ್ನಡವಿದೆ? ಬ್ಯಾಂಕಿನಲ್ಲಿ ತಮಿಳು, ಮೇಲಿನವರ ಜೊತೆ ಇಂಗ್ಲಿಷು, ಹಾಸ್ಟೆಲಿನಲ್ಲಿರುವ ಮಗಳ ಜೊತೆ ಮೆಸೇಜು. ಲೆಕ್ಕ ಹಾಕಿದರೆ ಇದ್ದದ್ದು ಮಾಮಾ ಒಬ್ಬರೇ. ಹೀಗೆಂದು ತಿಳಿದ ಮೇಲಾದರೂ ಹೆಚ್ಚು ಹೋದೆನೇ? ಇಲ್ಲ. ಮಾರ್ಚಿ ತಿಂಗಳು, ಬ್ಯಾಂಕಿನಲ್ಲಿ ಕೆಲಸ ಬಹಳವಿತ್ತು.

ಈ ವರ್ಷ ಮಾಮಾ ಬಾತ್‌ರೂಮಿನಲ್ಲಿ ಜಾರಿ ಮೊಣಕಾಲು ತಿರುಚಿಕೊಂಡರು. ಒಂದು ತಿಂಗಳು ಮೆಟ್ಟಿಲಿಳಿಯುವಂತಿಲ್ಲ. ಭಾನುವಾರ ನೋಡಲು ಹೋದೆ. ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಕಟ್ಟಿಟ್ಟ ಪೇಪರು. ಮಗ ರಜೆಯ ದಿನ ಹೋಗಿ ವಾರದ್ದೆಲ್ಲ ಒಟ್ಟಿಗೆ ತಂದು ಕೊಡುತ್ತಿದ್ದನಂತೆ.

"ಕಾಲು ಹೆಂಗೈತ್ರಿ ಮಾಮಾ?"

"ಕಾಲು ಇರ್ಲಿ. ಇಷ್ಟು ಅಂಗಡಿಗೆ ಹಾಕಿ, ಬುಟ್ಟಿ ಒಂದು ನೋಡಿ ಬಾರವಾ. ನಾ ಹೋಗದಿದ್ದಾಗನ ಯಾರರೆ ತುಂಬಿಟ್ಟಿದ್ರ?" ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, "ಈ ಸಲಾನೂ ಏನೂ ಇಲ್ಲಂದ್ರ ಸಾಕು ಮಾಡ್ತೀನಿ. ಪೇಪರ್ ತರಿಸೂದೂ ಬಿಡ್ತೀನಿ. ಮಗನಿಗೂ ತ್ರಾಸು" ಎಂದರು.

ಆ ಮಾತು ನನಗೆ ಹಿಡಿಸಲಿಲ್ಲ. ಬಜ್ಜಿ ಬಿಡುತ್ತೇನೆ, ಕಾಗದ ಬಿಡುವುದಿಲ್ಲ ಎಂದು ಡಾಕ್ಟರಿಗೇ ಹೇಳಿ ಬಂದ ಬಾಯಿ ಅದು. ಕಟ್ಟು ಎತ್ತಿಕೊಂಡು ಹೊರಟೆ.

ಹಳೆ ಪೇಪರ್ ಅಂಗಡಿಯ ಯಜಮಾನರನ್ನು ಬೀದಿಯವರೆಲ್ಲ ಅಣ್ಣಾಚ್ಚಿ ಎನ್ನುತ್ತಾರೆ. ತಿರುನೆಲ್ವೇಲಿ ಕಡೆಯವರು, ಹಣೆ ತುಂಬ ವಿಭೂತಿ. ನಾನು ತಂದ ಕಟ್ಟು ನೋಡಿದ್ದೇ ತಡ, ಎದ್ದು ನಿಂತರು. ಚಪ್ಪಲಿ ಕಳಚಿದರು! ಎರಡೂ ಕೈ ಚಾಚಿ ಕಟ್ಟನ್ನು ತೆಗೆದುಕೊಂಡು ತಕ್ಕಡಿಯ ಮೇಲೆ ಮೆಲ್ಲಗೆ ಇಟ್ಟರು. "ಪೆರಿಯವರ್ ಎಪ್ಪಡಿ ಇರುಕ್ಕಾರ್ಮಾ?" ಎಂದು ಹಿರಿಯರ ಆರೋಗ್ಯ ಕೇಳಿದರು. ಕಾಲಿನ ಸುದ್ದಿ ಹೇಳಿದೆ. ಅವರಿಗೆ ಏನೂ ಆಗದು, ಇಷ್ಟು ಸಾಧನೆ ಮಾಡಿದವರು ಎಂದರು.

ಏನು ಸಾಧನೆ? ನನಗೆ ತಿಳಿಯಲಿಲ್ಲ. ಅಣ್ಣಾಚ್ಚಿ ಅಂಗಡಿಯ ಹಿಂದಿನ ಅಟ್ಟ ತೋರಿಸಿದರು. ಅಲ್ಲಿ ಮೂರು ವರ್ಷದ ಕನ್ನಡ ಪೇಪರು, ಒಂದೂ ಬಿಡದೆ, ಸಾಲಾಗಿ ಪೇರಿಸಿತ್ತು. ಒಂದೊಂದು ಕಟ್ಟಿಗೂ ಅರಿಶಿನದ ದಾರ. ಮೇಲಿನ ಕಟ್ಟಿಗೆ ಕುಂಕುಮ. ಮುಂದೆ ಒಂದು ಊದಿನಕಡ್ಡಿಯ ಸ್ಟ್ಯಾಂಡು.

ಕತೆ ಅವರೇ ಹೇಳಿದರು. ಮೊದಲ ವಾರ ಬಂದ ಕಟ್ಟನ್ನು ಬಜ್ಜಿಯವಳಿಗೆ ತೂಗಲು ಬಿಚ್ಚಿದರಂತೆ. ಕನ್ನಡ ಓದಲು ಬಾರದು. ಹಾಳೆಯಲ್ಲಿ ಚೌಕ ಚೌಕ ಮನೆ, ಮನೆಗೊಂದು ದುಂಡನೆಯ ಅಕ್ಷರ, ಪೆನ್ನಿನಲ್ಲಿ ತಿದ್ದಿ ತಿದ್ದಿ ಬರೆದದ್ದು. ಒಂದು ದಿನವೂ ತಪ್ಪಿಲ್ಲ. ಇವರ ಊರಿನ ಗುಡಿಯ ಹಿರಿಯರು ತಾಮ್ರದ ತಗಡಿನ ಮೇಲೆ ಹೀಗೇ ಮನೆ ಮಾಡಿ ಅಕ್ಷರ ಬರೆಯುತ್ತಿದ್ದರಂತೆ. ನೋಡಿದ ಕೂಡಲೇ ತಿಳಿಯಿತು, ಇದು ಯಂತ್ರ! ಹೆಂಡತಿ ಹೋದ ಮೇಲೆ ಆ ದೊಡ್ಡವರು ದಿನಕ್ಕೊಂದು ಯಂತ್ರ ಬರೆಯುವ ವ್ರತ ಹಿಡಿದಿದ್ದಾರೆ, ಮುಗಿದದ್ದನ್ನು ಮನೆಯಲ್ಲಿಡಬಾರದೆಂದು ಇಲ್ಲಿ ಹಾಕುತ್ತಿದ್ದಾರೆ. ಅದರಲ್ಲಿ ಬಜ್ಜಿ ಸುತ್ತಲು ಕೊಡುವುದೇ? ಶಿವ ಶಿವಾ!

"ಎಲ್ಲಾತ್ತಿಲೆಯುಂ ಒರು ಕಟ್ಟಂ ಕಾಲಿಯಾ ವಿಟ್ಟಿರುಕ್ಕಾರ್, ಪಾತ್ತೀಂಗಳಾ?" ಎಂದು ದನಿ ತಗ್ಗಿಸಿದರು. ಎಲ್ಲದರಲ್ಲೂ ಒಂದು ಮನೆ ಖಾಲಿ ಬಿಟ್ಟಿದ್ದಾರೆ, ನೋಡಿದಿರಾ? ಆಮೇಲೆ ಮೇಲೆ ಕೈ ತೋರಿಸಿ ಹೇಳಿದರು, ಅದು ದೇವರಿಗೆ ಬಿಟ್ಟದ್ದು.

ನನಗೆ ನಗು ಬಂತು. ನಗುವ ಮೊದಲೇ ಲೆಕ್ಕ ಹೊಳೆಯಿತು. ಮೂರು ವರ್ಷ ಆ ಮನುಷ್ಯ ಬಜ್ಜಿ ತಿಂದದ್ದು, ಬುಟ್ಟಿ ತಡಕಿದ್ದು, ಮಂದಿಯ ಸಾಂಬಾರು ತಿಂದದ್ದು, ಎಲ್ಲ ದಂಡ. ಅವರ ಒಂದು ಹಾಳೆಯೂ ಈ ಅಂಗಡಿಯ ಬಾಗಿಲು ದಾಟಿರಲಿಲ್ಲ! ಇದು ಬರೀ ಪದಬಂಧ ಎಂದು ಅಣ್ಣಾಚ್ಚಿಗೆ ಹೇಳಲೇ? ಆ ಅಟ್ಟಕ್ಕೆ ಕೈ ಮುಗಿದ ಮೇಲೆ ಮಗಳಿಗೆ ಮದುವೆ ಕೂಡಿ ಬಂತೆಂದು ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಿಮ್ಮ ಕಾಗದ ಯಾರ ಕೈಗೂ ಸಿಗಲೇ ಇಲ್ಲ ಎಂದು ಮಾಮಾಗೆ ಹೇಳಲೇ? ಇಬ್ಬರಿಗೂ ಹೇಳುವ ಧೈರ್ಯ ನನಗಾಗಲಿಲ್ಲ.

"ಒಂದು ಹಾಳೆ ಕೊಡುತ್ತೀರಾ?" ಎಂದು ತಮಿಳಿನಲ್ಲಿ ಕೇಳಿದೆ.

ಅವರು, ನೀವು ಮನೆಯವರೇ ತಾನೆ ಎಂದು ಅಟ್ಟ ಹತ್ತಿ, ಕೆಳಗಿನ ಕಟ್ಟಿನಿಂದ ಒಂದನ್ನು ಎಳೆದು ಕೊಟ್ಟರು.

ಬಜ್ಜಿ ಗಾಡಿಯ ಬೆಂಚಿನ ಮೇಲೆ ಕೂತು ಅದನ್ನು ತೊಡೆಯ ಮೇಲೆ ಹರಡಿದೆ. ಇಷ್ಟು ವರ್ಷ ನಾನು ತಿಳಿದದ್ದು, ಮಾಮಾ ಖಾಲಿ ಬಿಡುವುದು ಅವರಿಗೆ ಹೊಳೆಯದ ಕಷ್ಟದ ಅಕ್ಷರವನ್ನು ಎಂದು. ನೋಡಿದರೆ ಯಾವುದೋ ಪುರಾಣದ ಋಷಿಯ ಹೆಂಡತಿಯ ಹೆಸರನ್ನು ಕೂಡ ತುಂಬಿದ್ದಾರೆ. ಬಿಟ್ಟಿದ್ದು ಯಾವುದು? ಎಡದಿಂದ ಬಲಕ್ಕೆ, ಎರಡಕ್ಷರ: ಮನೆ ಬಾಗಿಲಿಗೆ ಬಂದವರಿಗೆ ಹೇಳುವ ಮಾತು. ಮೊದಲನೆಯ ಮನೆಯಲ್ಲಿ 'ಬ' ಬರೆದಾಗಿತ್ತು. ಎರಡನೆಯದು ಖಾಲಿ. ಕನ್ನಡ ಬಂದರೆ ಸಾಕು, ಕೂಸೂ ಹೇಳಬೇಕು. ಯಾರಿಗೂ ಕಷ್ಟವಾಗಬಾರದೆಂದು ಎಲ್ಲಕ್ಕಿಂತ ಸುಲಭದ್ದನ್ನು ಹುಡುಕಿ ಬಿಟ್ಟಿದ್ದರು. ಅತ್ತೆಗೂ ಅಷ್ಟು ವರ್ಷ ಹೀಗೇ ಬಿಡುತ್ತಿದ್ದಿರಬೇಕು. "ಇಷ್ಟೂ ಬರೂದಿಲ್ಲೇನ್ರಿ ನಿಮಗ?" ಎನ್ನುತ್ತಿದ್ದ ಅತ್ತೆಗೂ ಅದು ಗೊತ್ತಿತ್ತೋ ಏನೋ.

ನನಗೆ ಅಳು ತಡೆಯಲಾಗಲಿಲ್ಲ. ಖಾರ ಜಾಸ್ತಿಯಾಯಿತೇ ಎಂದು ಬಜ್ಜಿಯವಳು ನೀರು ಕೊಟ್ಟಳು. ನಾನು ಇನ್ನೂ ಬಜ್ಜಿ ತೆಗೆದುಕೊಂಡೇ ಇರಲಿಲ್ಲ.

ಚೀಲದಿಂದ ಪೆನ್ನು ತೆಗೆದು ಆ ಮನೆಯಲ್ಲಿ ಒಂದು ಅಕ್ಷರ ಬರೆದೆ. ನಾಲ್ಕು ಬಾಳೆಕಾಯಿ ಬಜ್ಜಿ ಹೇಳಿ, ಇದರಲ್ಲೇ ಸುತ್ತಿಕೊಡು ಎಂದೆ.

ಮಾಮಾ ಪೊಟ್ಟಣ ಬಿಚ್ಚಿದರು. ವಾಡಿಕೆಯಂತೆ ಬಜ್ಜಿಯನ್ನು ನೋಡದೆ ತಟ್ಟೆಗೆ ಸುರಿದರು, ಕಾಗದವನ್ನು ತಿರುವಿದರು. ಕೈ ನಿಂತಿತು. ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದರು. ಎಣ್ಣೆ ಹೀರಿ ಹಾಳೆ ಆಚೆ ಕಾಣುವಂತಾಗಿತ್ತು.

"ತುಂಬ್ಯಾರವಾ," ಎಂದರು.

"ಹೌದೇನ್ರಿ?"

"ತಪ್ಪು ತುಂಬ್ಯಾರ. ಪೇಪರಿನವ್ರ ಪ್ರಕಾರ 'ಬನ್ನಿ' ಬರಬೇಕು. ಇವರು 'ಬರ್ರಿ' ಅಂತ ಮಾಡ್ಯಾರ."

ಬಾಗಿಲಿಗೆ ಬಂದವರಿಗೆ ನಮ್ಮ ಮನೆಯಲ್ಲಿ ಬೇರೆ ಯಾವ ಮಾತನ್ನೂ ನಾನು ಕೇಳಿರಲಿಲ್ಲ, ಕೈ ತಾನಾಗಿ ಅದನ್ನೇ ಬರೆದಿತ್ತು.

"ತಪ್ಪಲ್ಲ ಬಿಡು," ಎಂದರು ಮಾಮಾ. "ನಮ್ಮ ಕಡೆಯವ್ರು ಯಾರೋ ಅದಾರ ಈ ಊರಾಗ." ಮತ್ತೆ ಆ ಅಕ್ಷರವನ್ನು ಹತ್ತಿರ ಹಿಡಿದು ನೋಡಿದರು. "ಒತ್ತಕ್ಷರ ಹಿಂಗ ಬಾಲ ಎಳದು ಬರಿಯಾಕಿ ಅಂದ್ರ ನಮ್ಮಕ್ಕ ಒಬ್ಬಾಕಿನ."

ಅವರ ಅಕ್ಕ ಎಂದರೆ ನಮ್ಮವ್ವ. ನನಗೆ ಅಕ್ಷರ ತಿದ್ದಿಸಿದವಳು ಅವಳೇ. ಮಾಮಾ ನನ್ನ ಕಡೆ ನೋಡಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ, ಎಣ್ಣೆಯಾಗುತ್ತದೆಂಬ ಚಿಂತೆಯಿಲ್ಲದೆ ಶರ್ಟಿನ ಜೇಬಿಗೆ ಇಟ್ಟುಕೊಂಡು, ಒಂದು ಬಜ್ಜಿ ಬಾಯಿಗೆ ಹಾಕಿಕೊಂಡರು. ಅಗಿದು ನುಂಗಿದ ಮೇಲೆ, "ಬಜ್ಜಿ ಚಲೋ ಮಾಡ್ತಾಳವಾ ಅಕಿ" ಎಂದರು, ಅವತ್ತೇ ಮೊದಲ ಸಲ ತಿಂದವರಂತೆ.

ನಾನು ಹೊರಡಲು ಎದ್ದೆ. ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಕರೆದರು.

"ಅವ್ರು ಮತ್ತ ನಿನಗ ಕಂಡ್ರ, ನಾಳೆ ಸಂಜೀಕ ಚಾ ಕುಡಿಯಾಕ ಬರಾಕ ಹೇಳು. ಪುರುಸೊತ್ತು ಇದ್ರ."

"ಹೇಳ್ತೀನ್ರಿ ಮಾಮಾ. ಬರ್ತಾರ."

"ಪೆನ್ನು ತರೂದು ಬ್ಯಾಡ ಅಂತ ಹೇಳು. ನನ್ನ ಕಡೆ ಐತಿ."